ಚೆನ್ನಿಗರಾಯನ ಮೆಟ್ಟು




ಶಾಲಾ ಪ್ರವಾಸದ ಕಾಲ ಬಂತೆಂದರೆ ನಮ್ಮ ಕೇರಿಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ದೀಕ್ಷೆ ತೆಗೆದುಕೊಂಡ ಮನೆಯ ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕಳಿಸಬೇಕೆ? "ಅದು ಅವರ ಗುಡಿ, ನಮಗೇನು ಮೇಷ್ಟ್ರೇ" ಎನ್ನುವವರೂ ಇದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಈ ಎರಡೂ ಊರುಗಳ ಗುಡಿಗಳು ಸೋಮನಾಥಪುರದ ಜೊತೆಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಜಿಲ್ಲೆಯೆಲ್ಲ ಹಿಗ್ಗಿತು. ಆ ಹಿಗ್ಗಿನಲ್ಲಿ ನಮ್ಮ ಪಾಲು ಯಾವುದು?

ಒಂದು ಪಾಲು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಸಿಗುತ್ತದೆ. ಬೇಲೂರಿನ ಚೆನ್ನಿಗರಾಯನನ್ನು ತರುವಾಗ ದೇವಿ ಬಾಬಾಬುಡನ್ ಗಿರಿಯಲ್ಲೇ ಉಳಿದುಬಿಟ್ಟಳಂತೆ. ಅವಳನ್ನು ನೋಡಲು ದೇವರು ದೊಡ್ಡ ಮೆಟ್ಟು ಮೆಟ್ಟಿಕೊಂಡು ಗಿರಿಗೆ ಹೋಗಿಬರುತ್ತಾನೆ. ಮೆಟ್ಟು ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಚಮ್ಮಾರರಿಗೆ ಕನಸು ಬೀಳುತ್ತದೆ. ಅವರು ಹೊಸ ಜೋಡು ಹೊಲಿದು ತರುತ್ತಾರೆ. ಅದನ್ನು ಒಪ್ಪಿಸುವುದಕ್ಕಾಗಿ ಅವರಿಗೆ ಗುಡಿಯ ಅಂಗಳದೊಳಗೆ ಪ್ರವೇಶ.

ಈ ಕತೆಯನ್ನು ಸಾಮರಸ್ಯದ ಕತೆ ಎಂದು ಹೇಳುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಕೈಯಲ್ಲಿ ಮೆಟ್ಟು ಇದ್ದರೆ ಒಳಗೆ ಬರಬಹುದು ಎಂದರೆ, ಮೆಟ್ಟಿಲ್ಲದ ದಿನ ಹೊರಗೆ ಎಂದೇ ಅರ್ಥ. ಬಾಗಿಲು ತೆರೆದದ್ದು ಅವರು ಮಾಡಿದ ವಸ್ತುವಿಗೆ. ಆದರೂ ಈ ಕತೆಯನ್ನು ಎಸೆಯಬೇಡಿ. ದೇವರೂ ಬರಿಗಾಲಲ್ಲಿ ಬೆಟ್ಟ ಹತ್ತಲಾರ ಎಂಬುದನ್ನು ಕತೆ ಕಟ್ಟಿದವರೇ ಒಪ್ಪಿಕೊಂಡಿದ್ದಾರಲ್ಲ!

ಇನ್ನೊಂದು ಪಾಲು ಇದಕ್ಕಿಂತ ತೊಡಕಿನದು. ಶೈವರು ಶಿವನೆಂದು, ಬೌದ್ಧರು ಬುದ್ಧನೆಂದು, ಜೈನರು ಅರ್ಹಂತನೆಂದು ಪೂಜಿಸುವವನು ಈ ಕೇಶವನೇ ಎಂಬ ಅರ್ಥದ ಶ್ಲೋಕವೊಂದು ಬೇಲೂರಿನ ಶಾಸನದಲ್ಲಿದೆ. ಸರ್ವಧರ್ಮ ಸಮಾನತೆಗೆ ಭಾಷಣಗಳಲ್ಲಿ ಇದನ್ನೇ ಉದಾಹರಿಸುತ್ತಾರೆ. ಅದನ್ನು ಬರೆಸಿದವರ ಮನಸ್ಸು ಒಳ್ಳೆಯದೇ ಇದ್ದಿರಬಹುದು. ಆದರೆ ಬುದ್ಧ ವಿಷ್ಣುವಿನ ಅವತಾರ ಎಂಬುದನ್ನು ನಂಬುವುದಿಲ್ಲ ಎಂದು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಪ್ರತಿಜ್ಞೆ ಮಾಡಿಸಿದರು. ನಾವೂ ಅದನ್ನು ಹೇಳಿದವರು. ಆ ಪ್ರತಿಜ್ಞೆಯಲ್ಲಿ ದ್ವೇಷವಿಲ್ಲ. ನಿಮ್ಮ ಗುರು ನಮ್ಮ ದೇವರೇ ಎಂದು ಒಬ್ಬರು ಪ್ರೀತಿಯಿಂದ ಹೇಳಿದರೂ, ನಮ್ಮನ್ನು ಒಂದು ಮಾತು ಕೇಳಬೇಡವೆ?

ಹಾಗಾದರೆ ಹೋಗಬಾರದೆ? ಬಾಬಾಸಾಹೇಬರು ಹೋಗಿದ್ದರು. 1934ರಲ್ಲಿ ಸಂಗಡಿಗರೊಂದಿಗೆ ವೇರೂಳದ ಗುಹೆಗಳನ್ನು ನೋಡುವ ಆಸೆಯಿಂದ ಹೊರಟವರು ದಾರಿಯಲ್ಲಿ ದೌಲತಾಬಾದ್ ಕೋಟೆಯ ಬಾಗಿಲ ಬಳಿಯ ಕೊಳದಲ್ಲಿ ಮುಖ ತೊಳೆದರು. ಕೊಳ ಮೈಲಿಗೆಯಾಯಿತೆಂದು ಗಲಾಟೆಯಾಯಿತು. ಎಲ್ಲೂ ನೀರು ಮುಟ್ಟಬಾರದೆಂಬ ಷರತ್ತಿನ ಮೇಲೆ, ಬಂದೂಕಿನ ಕಾವಲಿನಲ್ಲಿ ಅವರನ್ನು ಒಳಗೆ ಬಿಟ್ಟರು. ಅವಮಾನವನ್ನು ಅವರು ಬರೆದಿಟ್ಟರು. ನೋಡಲು ಹೊರಟದ್ದೇ ತಪ್ಪು ಎನ್ನಲಿಲ್ಲ.

ಆದ್ದರಿಂದ ಮಕ್ಕಳು ಹೋಗಲಿ. ಬೇಲೂರಿನಲ್ಲಿ ಪೂಜೆ ನಡೆಯುತ್ತದೆ, ಮಾಡುವವರು ಮಾಡಿಕೊಳ್ಳಲಿ, ನಮ್ಮ ಮಕ್ಕಳು ಸದ್ದು ಮಾಡದೆ ನಿಂತರೆ ಸಾಕು. ಶಿಲ್ಪಗಳ ಕೆಳಗೆ ಕೆತ್ತಿರುವ ರೂವಾರಿಗಳ ಹೆಸರುಗಳನ್ನು ತೋರಿಸಿ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಅವರ ಬಳ್ಳಿಗಾವಿಯಲ್ಲಿ ಆ ಹಿಂದಿನ ಶತಮಾನದಲ್ಲಿ ಬೌದ್ಧ ವಿಹಾರವಿತ್ತು, ತಾರಾ ಭಗವತಿಯ ಮೂರ್ತಿಯಿತ್ತು. ಗೈಡುಗಳು ಇದನ್ನು ಹೇಳುವುದಿಲ್ಲ, ನಾವು ಹೇಳೋಣ. ಅರಸೀಕೆರೆಯ ಈಶ್ವರ ಗುಡಿಯ ನಕ್ಷತ್ರಾಕಾರದ ಮಂಟಪ ನೋಡಲಿ, ಸಕಲೇಶಪುರದ ಮಂಜರಾಬಾದ್ ಕೋಟೆ ಹತ್ತಲಿ. ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತು ಬಂದರೆ ಅದು ಯಾರ ಹೊಲವಾಗಿತ್ತು ಎಂದೂ ಕೇಳಲಿ. ಗುಡಿಗೆ ಕೇಳಬಹುದಾದ ಪ್ರಶ್ನೆ ರನ್‌ವೇಗೂ ಸಲ್ಲುತ್ತದೆ.

ಭಾನುವಾರದ ಅಧ್ಯಯನಕ್ಕೆ 'ವೇಟಿಂಗ್ ಫಾರ್ ಎ ವೀಸಾ'ದ ದೌಲತಾಬಾದ್ ಭಾಗವನ್ನು ಓದಿಕೊಂಡು ಬನ್ನಿ. ಪ್ರವಾಸಕ್ಕೆ ಹೊರಟ ಮಕ್ಕಳನ್ನೂ ಕರೆತನ್ನಿ.

ಜೈಭೀಮ್.