ಕಲ್ಲಿನಲ್ಲಿ ನಿಂತ ಹುಲಿ, ಹೊಲಕ್ಕೆ ಬಂದ ಆನೆ



ಸೆಪ್ಟೆಂಬರ್ 1ರಿಂದ ಸಂತ ಫ್ರಾನ್ಸಿಸ್ ಅಸ್ಸಿಸಿಯವರ ಹಬ್ಬವಾದ ಅಕ್ಟೋಬರ್ 4ರವರೆಗಿನ ದಿನಗಳನ್ನು ಧರ್ಮಸಭೆ ಸೃಷ್ಟಿಯ ಕಾಲವೆಂದು ಆಚರಿಸುತ್ತದೆ. ದೇವರ ಸೃಷ್ಟಿಯನ್ನು ನೋಡಲು ಎಲ್ಲಿಗೆ ಹೋಗಬೇಕೆಂದು ಕೇಳಿದರೆ ನಾವೆಲ್ಲ ಕಾಡಿನ ಕಡೆಗೆ ಕೈ ತೋರಿಸುತ್ತೇವೆ. ಈ ವರ್ಷ ನಮ್ಮ ಮಕ್ಕಳನ್ನು ಕರೆದುಕೊಂಡು ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಹೋಗಿ ಬರೋಣ. 1993ರಲ್ಲಿ ಆರಂಭವಾದ ಈ ಸಂಗ್ರಹಾಲಯದಲ್ಲಿ ನಮ್ಮ ಸೀಮೆಯ ವೀರಗಲ್ಲುಗಳಿವೆ.

ದನಕರುಗಳನ್ನು ಉಳಿಸಲು, ಊರನ್ನು ಕಾಯಲು ಪ್ರಾಣ ಕೊಟ್ಟವರ ನೆನಪಿಗೆ ನೆಟ್ಟ ಕಲ್ಲುಗಳೇ ವೀರಗಲ್ಲುಗಳು. ಹೊಸೂರು, ಡೆಂಕಣಿಕೋಟೆಯ ಸುತ್ತಮುತ್ತ ತಮಿಳಿನಲ್ಲಿ ಬರೆದವೂ ಸಿಕ್ಕಿವೆ, ಕನ್ನಡದಲ್ಲಿ ಬರೆದವೂ ಸಿಕ್ಕಿವೆ. ಶತ್ರುಗಳೊಡನೆ ಹೋರಾಡಿ ಮಡಿದವರಿಗೆ ಮಾತ್ರವಲ್ಲ, ಹುಲಿಯೊಡನೆ, ಕಾಡುಹಂದಿಯೊಡನೆ ಹೋರಾಡಿ ಮಡಿದವರಿಗೂ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ಅಂಥ ಕಲ್ಲುಗಳಲ್ಲಿ ವೀರನ ಎದುರಿಗೆ ಮೃಗವೂ ನಿಂತಿರುತ್ತದೆ. ಅದನ್ನು ಬಿಟ್ಟು ವೀರನ ಕಥೆಯನ್ನು ಹೇಳಲು ಆ ಶಿಲ್ಪಿಗೆ ಮನಸ್ಸಾಗಲಿಲ್ಲ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಕಲ್ಲು ಇನ್ನೂ ಸೋಜಿಗದ್ದು. ಕ್ರಿಸ್ತಶಕ 949ರಲ್ಲಿ ತಕ್ಕೋಲದಲ್ಲಿ, ಅಂದರೆ ಇಂದಿನ ತಮಿಳುನಾಡಿನಲ್ಲಿ, ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ನಡೆಯಿತು. ಗೆದ್ದ ದೊರೆ ಮೂರನೆಯ ಕೃಷ್ಣನು ಮಣಲೇರನೆಂಬ ವೀರನಿಗೆ ಏನು ಬೇಕೆಂದು ಕೇಳಿದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದ. ಮುಂದೆ ಆ ನಾಯಿ ದೊಡ್ಡ ಹಂದಿಯೊಡನೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ಆ ನಾಯಿಯ ನೆನಪಿಗೂ ಕಲ್ಲು ನಿಂತಿತು. ಯುದ್ಧದ ಸಂಗತಿ ಬರೆದಿರುವ ಅದೇ ಕಲ್ಲಿನಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿ ನಿಂತಿವೆ. ಸಾವಿರ ವರ್ಷಗಳಾದರೂ ಒಂದು ನಾಯಿಯ ನಿಷ್ಠೆಯನ್ನು ಕನ್ನಡ ನಾಡು ಮರೆತಿಲ್ಲ.

ಈ ಕಲ್ಲುಗಳ ಮುಂದೆ ನಿಂತಾಗ ದಾವೀದನ ನೆನಪಾಗುತ್ತದೆ. ಗೊಲ್ಯಾತನ ಎದುರು ನಿಲ್ಲುವ ಮೊದಲು ಅವನು ಕುರಿ ಕಾಯುವ ಹುಡುಗ. ಮಂದೆಯಿಂದ ಮರಿಯನ್ನು ಹೊತ್ತುಕೊಂಡು ಹೋದ ಸಿಂಹವನ್ನೂ ಕರಡಿಯನ್ನೂ ಬೆನ್ನಟ್ಟಿ ಬಿಡಿಸಿಕೊಂಡು ಬಂದವನು. ದಾವೀದನ ವಂಶದಲ್ಲಿ ಹುಟ್ಟಿದ ಪ್ರಭು ಯೇಸು ತಮ್ಮನ್ನು ಒಳ್ಳೆಯ ಕುರಿಗಾಹಿ ಎಂದು ಕರೆದುಕೊಂಡರು. ತೋಳ ಬಂದಾಗ ಕೂಲಿಯಾಳು ಓಡಿಹೋಗುತ್ತಾನೆ. ಒಳ್ಳೆಯ ಕುರಿಗಾಹಿ ಅಲ್ಲೇ ನಿಂತು ತನ್ನ ಪ್ರಾಣವನ್ನೇ ಕೊಡುತ್ತಾನೆ. ಕಾಯುವುದೆಂದರೆ ಹತ್ತಿರ ಇರುವುದು ಎಂದು ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯ ನಮಗೆ ಕಲಿಸುತ್ತದೆ.

ಈಗ ನಮ್ಮ ಹೊಲಗಳ ಕಡೆ ನೋಡೋಣ. ರಾಗಿ ತೆನೆ ಬಿಡುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗಿರಿ ಕಾಡುಗಳ ಹಾದಿಯಲ್ಲಿ ಆನೆಗಳು ಬರುತ್ತವೆ. ಸಾಲ ಮಾಡಿ ಬಿತ್ತಿದ ಬೆಳೆ ಒಂದೇ ರಾತ್ರಿಯಲ್ಲಿ ನೆಲ ಕಚ್ಚಿದಾಗ ಆ ಮನೆಯ ಸಂಕಟ ಏನೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಆನೆ ತುಳಿದು ಸತ್ತವರ ಮನೆಗಳೂ ನಮ್ಮ ಸೀಮೆಯಲ್ಲಿವೆ. ಈ ಕಣ್ಣೀರನ್ನು ಹಗುರವಾಗಿ ಕಾಣುವ ಬೋಧನೆ ಯೇಸುವಿನದಲ್ಲ.

ಆದರೆ ಹೊಲದ ಸುತ್ತ ಕದ್ದುಮುಚ್ಚಿ ಎಳೆದ ವಿದ್ಯುತ್ ತಂತಿಯ ಬಗ್ಗೆ ನಾವು ಮಾತನಾಡಲೇಬೇಕು. 2023ರ ಮಾರ್ಚ್ ತಿಂಗಳಲ್ಲಿ ಪಕ್ಕದ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಇಂಥ ತಂತಿಗೆ ತಗುಲಿ ಮೂರು ಹೆಣ್ಣಾನೆಗಳು ಸತ್ತವು. ಎರಡು ಮರಿಗಳು ಉಳಿದುಕೊಂಡವು. ಆ ತಂತಿಗೆ ಆನೆ ಯಾವುದು, ಹಂದಿ ಯಾವುದು, ಕತ್ತಲಲ್ಲಿ ನೀರು ಹಾಯಿಸಲು ಬರುವ ಪಕ್ಕದ ಹೊಲದವನು ಯಾರು ಎಂಬುದು ಗೊತ್ತಾಗುವುದಿಲ್ಲ. ವೀರಗಲ್ಲಿನ ವೀರ ಮೃಗವನ್ನು ಕಣ್ಣಾರೆ ಕಂಡು, ತನ್ನ ಪ್ರಾಣವನ್ನು ಮುಂದಿಟ್ಟು ನಿಂತ. ತಂತಿ ಕೊಲ್ಲುವಾಗ ಅಲ್ಲಿ ಯಾರೂ ಇರುವುದಿಲ್ಲ. ಅದು ಕೂಲಿಯಾಳಿನ ಕಾವಲು. ಅಂಥ ಸಾವಿಗೆ ಯಾವ ಊರೂ ಕಲ್ಲು ನಿಲ್ಲಿಸಲಾರದು.

104ನೆಯ ಕೀರ್ತನೆಯನ್ನು ಈ ವಾರ ಮನೆಯಲ್ಲಿ ಓದಿ. ಕತ್ತಲಾದಾಗ ಕಾಡಿನ ಮೃಗಗಳು ಹೊರಬಂದು ದೇವರಿಂದ ತಮ್ಮ ಆಹಾರವನ್ನು ಬೇಡುತ್ತವೆ. ಸೂರ್ಯ ಹುಟ್ಟಿದಾಗ ಅವು ಮರಳುತ್ತವೆ, ಮನುಷ್ಯ ದುಡಿಯಲು ಹೊರಡುತ್ತಾನೆ. ಹಗಲನ್ನೂ ರಾತ್ರಿಯನ್ನೂ ದೇವರು ಹೀಗೆ ಹಂಚಿದ್ದಾರೆ. ಜಲಪ್ರಳಯದ ನಂತರವೂ ಅವರು ಒಡಂಬಡಿಕೆ ಮಾಡಿಕೊಂಡದ್ದು ನೋವನೊಬ್ಬನೊಡನೆ ಅಲ್ಲ, ನಾವೆಯಿಂದ ಇಳಿದ ಸಕಲ ಜೀವಿಗಳೊಡನೆ. ಪ್ರತಿಯೊಂದು ಜೀವಿಗೂ ದೇವರ ಮುಂದೆ ತನ್ನದೇ ಬೆಲೆಯುಂಟೆಂದು ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ನಮಗೆ ನೆನಪಿಸಿದ್ದಾರೆ.

ಆದ್ದರಿಂದ ಈ ಸುಗ್ಗಿಗೆ ಮೂರು ನಿರ್ಧಾರಗಳನ್ನು ಮಾಡೋಣ. ನಮ್ಮ ಹೊಲಕ್ಕೆ ಕೊಲ್ಲುವ ತಂತಿ ಬೇಡ. ಆನೆ ಬಂದ ಸುದ್ದಿಯನ್ನು ಅರಣ್ಯ ಇಲಾಖೆಗೂ, ತಮಿಳು, ತೆಲುಗು, ಕನ್ನಡ ಯಾವ ಮಾತಿನವರೇ ಆಗಲಿ, ನೆರೆಯವರಿಗೂ ಕೂಡಲೇ ತಿಳಿಸಿ, ಒಟ್ಟಾಗಿ ಕಾವಲು ಕಾಯೋಣ. ಬೆಳೆ ಕಳೆದುಕೊಂಡ ಮನೆಗೆ ಪರಿಹಾರದ ಅರ್ಜಿ ಬರೆದುಕೊಡಲು ನಮ್ಮ ಯುವಕರು ಮುಂದಾಗಲಿ. ಪರಿಹಾರ ಬರುವವರೆಗೆ ಆ ಮನೆಯ ಒಲೆ ಆರದಂತೆ ನಾವು ನೋಡಿಕೊಳ್ಳೋಣ. ರೈತನನ್ನು ಒಂಟಿಯಾಗಿ ಬಿಟ್ಟು ಆನೆಯ ಮೇಲೆ ದಯೆ ತೋರಿಸು ಎನ್ನುವುದು ನ್ಯಾಯವಲ್ಲ.

ಓ ಒಳ್ಳೆಯ ಕುರಿಗಾಹಿಯೇ, ಕತ್ತಲಲ್ಲಿ ಕಾವಲು ಕೂತವರನ್ನು ಕಾಪಾಡು. ಕತ್ತಲಲ್ಲಿ ಹಸಿದು ನಡೆಯುವ ಜೀವಿಗಳನ್ನೂ ಕಾಪಾಡು. ನಮ್ಮ ಬೆಳೆಯನ್ನು ಕೈ ತುಂಬ ಮನೆಗೆ ತಲುಪಿಸು. ಆ ಕೈಯಲ್ಲಿ ರಕ್ತದ ಕಲೆ ಇರದಿರಲಿ. ಆಮೆನ್.