ಬೈಪಾಸ್ ಆದ ಊರಿಗೆ ನಾವೇನು ಬಾಕಿ?

ಬೆಂಗಳೂರಿನಿಂದ ಮೈಸೂರಿಗೆ ಈಗ ಹೆಚ್ಚೂಕಮ್ಮಿ ಒಂದೂವರೆ ಗಂಟೆ. ಮೊದಲು ಮೂರು ಗಂಟೆ ಬೇಕಿತ್ತು, ಹಬ್ಬದ ಹಿಂದಿನ ದಿನ ಹೊರಟರೆ ಅದೂ ಸಾಲುತ್ತಿರಲಿಲ್ಲ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ನಮ್ಮಂಥವರ ವೀಕೆಂಡ್ ಲೆಕ್ಕಾಚಾರವೇ ಬದಲಾಯ್ತು. ಶನಿವಾರ ಬೆಳಿಗ್ಗೆ ಕಾಫಿ ಕುಡಿದು ಹೊರಟರೆ ತಿಂಡಿಗೆ ಮೈಸೂರು. ನಡುವಿನ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲ ಈಗ ದೊಡ್ಡ ಬೋರ್ಡಿನಲ್ಲಿ ಬಾಣದ ಗುರುತಿನ ಪಕ್ಕ ಬರೆದ ಹೆಸರುಗಳು, ಅಷ್ಟೇ.

ಹಾದು ಹೋಗುವವರನ್ನೇ ನಂಬಿ ಬದುಕು ಕಟ್ಟಿಕೊಂಡ ಊರುಗಳಿವು. ಹಾದು ಹೋಗುವುದನ್ನು ನಿಲ್ಲಿಸಿದ ನಾವು ಅವಕ್ಕೆ ಏನಾದರೂ ಬಾಕಿ ಇದ್ದೇವಾ? ಈ ಪ್ರಶ್ನೆ ನನಗೆ ಬಂದದ್ದು ಯಾವ ಪುಸ್ತಕದಿಂದಲೂ ಅಲ್ಲ, ಎರಡು ದಿನದ ಒಂದು ಸಣ್ಣ ಟ್ರಿಪ್‌ನಿಂದ.

ನಾವು ನಾಲ್ವರು ಹೊರಟಿದ್ದೆವು, ಮೂವರು ಕಾರಿನಲ್ಲಿ, ಒಬ್ಬ ಬೈಕಿನಲ್ಲಿ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೋಗಳಿಗೆ ಪ್ರವೇಶ ಇಲ್ಲ. ಹಾಗಾಗಿ ಅವನ ಜೊತೆ ನಾವೂ ಹಳೇ ರಸ್ತೆಯಲ್ಲೇ ಹೋದೆವು. ರಾಮನಗರದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆ ನೋಡಿದೆವು. ಮದ್ದೂರಿನಲ್ಲಿ ವಡೆ ತಿಂದೆವು. ಸಂಜೆ ಮೈಸೂರಿನಲ್ಲಿ ಅರಮನೆಯ ದೀಪಗಳು ಒಟ್ಟಿಗೇ ಹೊತ್ತಿಕೊಂಡಾಗ ಎಲ್ಲರ ಹಾಗೆ ನಾವೂ ಫೋನ್ ಎತ್ತಿ ಹಿಡಿದೆವು. ಆದರೆ ಇವತ್ತಿಗೂ ನನ್ನ ತಲೆಯಲ್ಲಿ ಕೂತಿರೋದು ಚನ್ನಪಟ್ಟಣದ ಒಂದು ಗೊಂಬೆ ಅಂಗಡಿ.

ಅಂಗಡಿಯ ಹಿಂದೆಯೇ ಲೇತ್ ಇತ್ತು. ಹಾಲೆ ಮರದ ತುಂಡು ತಿರುಗುತ್ತಿತ್ತು. ಅಂಗಡಿಯವರು ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿತು. ಆಮೇಲೆ ಕೇದಗೆಯ ಗರಿಯಿಂದ ಉಜ್ಜಿದಾಗ ಕನ್ನಡಿಯಂಥ ಹೊಳಪು. ಒಂದು ಬುಗುರಿ ಆಗೋಕೆ ಐದು ನಿಮಿಷವೂ ಬೇಕಾಗಲಿಲ್ಲ.

"ವ್ಯಾಪಾರ ಹೇಗಿದೆ ಅಂಕಲ್?" ಅಂದೆ.

"ಮೊದಲು ಬಸ್ಸು ನಿಲ್ಲೋದು, ಕಾರು ನಿಲ್ಲೋದು. ಮಗು ಅಳ್ತಾ ಇದೆ ಅಂತ ಒಂದು ಗಿಲಕಿ ತಗೊಂಡು ಹೋಗೋರು. ಈಗ ಬೇಕು ಅಂತ ಬರೋರು ಮಾತ್ರ ಬರ್ತಾರೆ. ಬೇಕು ಅಂತಾನೇ ಬರೋರು ಎಷ್ಟು ಜನ ಇರ್ತಾರೆ ಹೇಳಮ್ಮ?"

"ಹಾಗಾದ್ರೆ ಮೊದಲಿನ ಥರಾನೇ ಇದ್ದಿದ್ರೆ ಚೆನ್ನಾಗಿತ್ತು ಅಂತೀರಾ?"

ಅವರು ಲೇತ್ ನಿಲ್ಲಿಸಿ ಸ್ವಲ್ಪ ಯೋಚಿಸಿದರು. "ಅದೂ ಬೇಡಮ್ಮ. ಆಗ ಈ ರೋಡ್ ದಾಟೋದೇ ಒಂದು ಸಾಹಸ. ಈಗ ಮೊಮ್ಮಗಳು ಒಬ್ಬಳೇ ಸ್ಕೂಲಿಗೆ ಹೋಗ್ತಾಳೆ."

ಈ ಉತ್ತರ ನನ್ನ ಪ್ರಶ್ನೆಯನ್ನು ಇನ್ನಷ್ಟು ಕಷ್ಟ ಮಾಡಿತು. ಎಕ್ಸ್‌ಪ್ರೆಸ್‌ವೇ ಕೆಟ್ಟದ್ದು, ಹಳೇ ಕಾಲ ಒಳ್ಳೇದು ಅಂತ ನಿಟ್ಟುಸಿರು ಬಿಡೋದು ಸುಲಭ. ಆದರೆ ಆ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸ್‌ಗಳೂ ನಿಲ್ಲುತ್ತಿದ್ದವು. ಯಾರದೋ ವ್ಯಾಪಾರಕ್ಕಾಗಿ ಎಲ್ಲರೂ ಗಂಟೆಗಟ್ಟಲೆ ಹೊಗೆ ಕುಡಿಯಬೇಕು ಅನ್ನೋದು ನ್ಯಾಯ ಅಲ್ಲ. ಅಂಗಡಿಯವರೇ ಅದನ್ನು ಕೇಳುತ್ತಿಲ್ಲ.

ಹಾಗಾದರೆ ಬಾಕಿ ಏನೂ ಇಲ್ಲವೇ? ಬೈಕಿನಲ್ಲಿ ಬಂದಿದ್ದ ಗೆಳೆಯನ ವಾದ ಅದೇ. "ವಡೆ ತಿಂದೆ, ದುಡ್ಡು ಕೊಟ್ಟೆ, ಲೆಕ್ಕ ಚುಕ್ತಾ. ಎಸ್‌ಟಿಡಿ ಬೂತ್ ಮುಚ್ಚಿದಾಗ ನಾವು ಯಾರಿಗಾದರೂ ಸಾಲಗಾರರಾದೆವಾ?" ಮಾತು ಗಟ್ಟಿಯಾಗೇ ಇದೆ. ಆದರೆ ಒಂದು ವ್ಯತ್ಯಾಸ ಇದೆ ಅನ್ಸತ್ತೆ. ಎಸ್‌ಟಿಡಿ ಬೂತ್ ಮುಚ್ಚಿದ್ದು ಜನಕ್ಕೆ ಅದು ಬೇಡವಾದ್ದರಿಂದ. ಚನ್ನಪಟ್ಟಣದ ಗೊಂಬೆಯೋ ಮದ್ದೂರಿನ ವಡೆಯೋ ಯಾರಿಗೂ ಬೇಡವಾಗಿಲ್ಲ. ಎಲ್ಲರ ಹೆಸರಿನಲ್ಲಿ, ಎಲ್ಲರ ತೆರಿಗೆ ಹಣದ ಬಲದಲ್ಲಿ ತೆಗೆದುಕೊಂಡ ಒಂದು ತೀರ್ಮಾನ ಗಿರಾಕಿಯನ್ನು ಪಕ್ಕಕ್ಕೆ ತಿರುಗಿಸಿತು. ಅದರಿಂದ ಉಳಿದ ಸಮಯ ನಮ್ಮ ಜೇಬಿಗೆ ಬಂತು, ನಷ್ಟ ಅವರ ಗಲ್ಲಾಪೆಟ್ಟಿಗೆಗೆ ಹೋಯಿತು. ರಸ್ತೆಗೆ ಜಮೀನು ಬಿಟ್ಟುಕೊಟ್ಟವರಿಗೆ ಪರಿಹಾರ ಎಂಬ ಪದವಾದರೂ ಇದೆ. ಗಿರಾಕಿ ಕಳೆದುಕೊಂಡವರಿಗೆ ಯಾವ ಪದವೂ ಇಲ್ಲ.

ಲಾಭ ಬಹಳ ಜನಕ್ಕೆ, ನಷ್ಟ ಕೆಲವರಿಗೆ ಅಂತಾದಾಗ ಕೆಲಸ ನಿಲ್ಲಿಸಬೇಕಿಲ್ಲ. ಆದರೆ ಲಾಭ ಪಡೆದವರು ನಷ್ಟದಲ್ಲಿ ಒಂದಿಷ್ಟು ಪಾಲು ಹೊರಬೇಕು. ಆ ಪಾಲು ಕನಿಕರದ ರೂಪದಲ್ಲಿ ಬೇಡ. ಕನಿಕರಕ್ಕೆ ಕೊಂಡ ಗೊಂಬೆ ಶೋಕೇಸಿನಲ್ಲಿ ಧೂಳು ತಿನ್ನುತ್ತೆ, ಮುಂದಿನ ಸಲ ನಾವು ಅತ್ತ ತಿರುಗೋದೂ ಇಲ್ಲ. ಹೆದ್ದಾರಿಯ ಪಕ್ಕ ವಿಶ್ರಾಂತಿಯ ಜಾಗ ಮಾಡುವಾಗ ಮೊದಲ ಮಳಿಗೆ ಆಯಾ ಊರಿನವರಿಗೇ ಸಿಗಬೇಕು ಅಂತ ಕೇಳುವುದು ಪಾಲು ಹೊರುವ ಒಂದು ರೀತಿ. ಟೋಲ್ ಕಟ್ಟುವ ನಾವೇ ಅದನ್ನು ಕೇಳಿದರೆ ದನಿಗೆ ತೂಕ ಬರುತ್ತೆ.

ಇನ್ನೊಂದು ರೀತಿ ನಮ್ಮ ಕೈಯಲ್ಲೇ ಇದೆ. ಮದ್ದೂರು ವಡೆ ಹುಟ್ಟಿದ್ದೇ ರೈಲು ನಿಲ್ದಾಣದ ಅವಸರದಲ್ಲಿ ಅನ್ನೋ ಕಥೆ ಇದೆ: ರೈಲು ಬೇಗ ಬಂದುಬಿಟ್ಟಿತು, ಪಕೋಡಕ್ಕೆ ಹೊತ್ತಿರಲಿಲ್ಲ, ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರು. ಆಗ ಅವಸರದವರೂ ಅಲ್ಲಿ ನಿಲ್ಲಲೇಬೇಕಿತ್ತು. ಇಷ್ಟು ವರ್ಷ ಈ ಊರುಗಳಲ್ಲಿ ನಮ್ಮನ್ನು ನಿಲ್ಲಿಸಿದ್ದು ಹಳಿ, ಸಿಗ್ನಲ್ಲು, ಟ್ರಾಫಿಕ್ಕು. ನಾವು ಅದನ್ನೇ ಪ್ರೀತಿ ಅಂದುಕೊಂಡು "ಮದ್ದೂರಲ್ಲಿ ನಿಲ್ಲದೇ ಮೈಸೂರಿಗೆ ಹೋಗೋದುಂಟಾ" ಅಂತ ಹೇಳಿಕೊಂಡು ಓಡಾಡಿದೆವು. ಈಗ ಯಾವ ಬಲವಂತವೂ ಇಲ್ಲ. ಹಾಗಾಗಿ ಆ ಪ್ರೀತಿ ನಿಜವಾಗಿತ್ತಾ ಅನ್ನೋದು ಈಗಷ್ಟೇ ಗೊತ್ತಾಗಬೇಕು.

ನಾನಂತೂ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಎಕ್ಸ್‌ಪ್ರೆಸ್‌ವೇ ಬಿಡಲ್ಲ, ಅಷ್ಟು ಆದರ್ಶ ನನಗಿಲ್ಲ. ಆದರೆ ಉಳಿದ ಒಂದೂವರೆ ಗಂಟೆಯಲ್ಲಿ ಒಂದು ಗಂಟೆ ಆ ಊರುಗಳದ್ದು. ಪ್ರತಿ ಸಲ ಒಂದು ಊರು, ದಾರಿಯಲ್ಲಿ ಸಿಕ್ಕಿತು ಅಂತಲ್ಲ, ಅಲ್ಲಿಗೇ ಅಂತ ಹೋಗುವುದು. ಇಷ್ಟರಿಂದ ಅಂಗಡಿಯವರ ಗಲ್ಲಾಪೆಟ್ಟಿಗೆ ತುಂಬಲ್ಲ, ಗೊತ್ತು. ಆದರೆ "ಬೇಕು ಅಂತಾನೇ ಬರೋರು ಎಷ್ಟು ಜನ" ಅಂತ ಅವರು ಕೇಳಿದ ಪ್ರಶ್ನೆಗೆ, ಒಬ್ಬಳ ಮಟ್ಟಿಗಾದರೂ, ಉತ್ತರ ಕೊಟ್ಟ ಹಾಗಾಗುತ್ತೆ.