ಇಳಿಜಾರಿನಲ್ಲಿ ನ್ಯೂಟ್ರಲ್



ಹೊರಗಿನಿಂದ ಬಂದು ನಮ್ಮ ಮನೆಮಾತೇ ಆಗಿಹೋಗಿರುವ ಪದಗಳಲ್ಲಿ ‘ನ್ಯೂಟ್ರಲ್’ ಎಂಬುದೂ ಒಂದು. ಆಟೋ ಓಡಿಸುವವರಿಗೆ, ಟ್ರ್ಯಾಕ್ಟರ್ ಇಟ್ಟುಕೊಂಡಿರುವ ರೈತರಿಗೆ, ಹೊಸದಾಗಿ ಬೈಕ್ ಕಲಿಯುತ್ತಿರುವ ಕಾಲೇಜು ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೈಕಿನಲ್ಲಾದರೆ ಪುಟ್ಟದೊಂದು ಹಸಿರು ದೀಪ ಹೊತ್ತಿಕೊಳ್ಳುತ್ತದೆ. ಕಾರಿನಲ್ಲಾದರೆ ಗೇರಿನ ಹಿಡಿ ಅತ್ತಿತ್ತ ಸಲೀಸಾಗಿ ಅಲ್ಲಾಡುತ್ತದೆ. ಎಂಜಿನ್ ಓಡುತ್ತಲೇ ಇರುತ್ತದೆ, ಸದ್ದು ಕೇಳುತ್ತಲೇ ಇರುತ್ತದೆ. ಆದರೆ ಅದರ ಶಕ್ತಿ ಚಕ್ರಗಳನ್ನು ತಲುಪುವುದಿಲ್ಲ. ಎಂಜಿನ್ನಿಗೂ ಚಕ್ರಕ್ಕೂ ನಡುವಿನ ಸಂಬಂಧ ಕಡಿದಿರುತ್ತದೆ. ನ್ಯೂಟ್ರಲ್ ಎಂದರೆ ಇಷ್ಟೇ.

ಈ ಪದ ಈಗ ರಸ್ತೆಯನ್ನು ದಾಟಿ ಮನೆಯೊಳಗೂ ಬಂದು ಕುಳಿತಿದೆ. “ಅತ್ತೆ ಸೊಸೆ ವಿಷಯದಲ್ಲಿ ನಾನು ನ್ಯೂಟ್ರಲ್ ಫಾದರ್” ಎನ್ನುವ ಗಂಡಂದಿರಿದ್ದಾರೆ. “ಅಣ್ಣತಮ್ಮಂದಿರ ಪಾಲಿನ ಗಲಾಟೆಯಲ್ಲಿ ನಾವು ಯಾರ ಕಡೆಯೂ ಇಲ್ಲ” ಎನ್ನುವ ಬಂಧುಗಳಿದ್ದಾರೆ. ಹೀಗೆ ಹೇಳುವವರ ಮುಖದಲ್ಲಿ ಒಂದು ಬಗೆಯ ಸಮಾಧಾನ ಕಾಣುತ್ತದೆ. ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ, ಯಾರ ಮನಸ್ಸನ್ನೂ ನೋಯಿಸಿಲ್ಲ ಎಂಬ ಸಮಾಧಾನ. ಈ ಸಮಾಧಾನ ನಿಜವಾದ ಸಮಾಧಾನವೇ? ಶುಭಸಂದೇಶದ ಬೆಳಕಿನಲ್ಲಿ ಸ್ವಲ್ಪ ಯೋಚಿಸಿ ನೋಡೋಣ.

ನ್ಯೂಟ್ರಲ್ ಬೇಕಾದ ಕಡೆ

ಮೊದಲೇ ಒಂದು ಮಾತು ಹೇಳಬೇಕು. ನ್ಯೂಟ್ರಲ್ ಎಂಬುದು ಕೆಟ್ಟದ್ದಲ್ಲ. ಅದು ಕೆಟ್ಟದ್ದಾಗಿದ್ದರೆ ಗಾಡಿ ತಯಾರಿಸುವವರು ಅದಕ್ಕೊಂದು ಜಾಗ ಇಡುತ್ತಿರಲಿಲ್ಲ. ಗಾಡಿ ಸ್ಟಾರ್ಟ್ ಮಾಡುವಾಗ ಅದು ನ್ಯೂಟ್ರಲ್‌ನಲ್ಲಿದ್ದರೆ ಕ್ಷೇಮ. ಸಿಗ್ನಲ್‌ನಲ್ಲಿ ಬಹಳ ಹೊತ್ತು ನಿಲ್ಲಬೇಕಾದಾಗ ಅದು ಬೇಕು. ಕಾರಿನಲ್ಲಿ ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕ್ಷಣಕಾಲವಾದರೂ ಅದನ್ನು ಹಾದೇ ಹೋಗಬೇಕು.

ಆತ್ಮಿಕ ಜೀವನದಲ್ಲೂ ಹೀಗೆಯೇ. ಸಂತ ಇಗ್ನೇಷಿಯಸ್ ಲೊಯೋಲರು ತಮ್ಮ ‘ಆಧ್ಯಾತ್ಮಿಕ ಅಭ್ಯಾಸಗಳು’ ಗ್ರಂಥದ ಆರಂಭದಲ್ಲಿಯೇ ಒಂದು ಬಗೆಯ ಸಮಚಿತ್ತವನ್ನು ಬೋಧಿಸುತ್ತಾರೆ. ಪರಮಗುರು ಮೂರನೇ ಪೌಲರು 1548ರಲ್ಲಿ ಅನುಮೋದಿಸಿದ ಗ್ರಂಥ ಅದು. ಆರೋಗ್ಯವೋ ಅನಾರೋಗ್ಯವೋ, ಸಿರಿತನವೋ ಬಡತನವೋ, ಯಾವುದಕ್ಕೂ ಮೊದಲೇ ಅಂಟಿಕೊಳ್ಳದೆ, ದೇವರ ಚಿತ್ತ ಯಾವ ಕಡೆ ಕರೆಯುತ್ತದೋ ಆ ಕಡೆ ಹೋಗಲು ಸಿದ್ಧವಾಗಿರುವ ಮನಸ್ಸು ಅದು. ಇದು ಗೇರ್ ಹಾಕುವುದಕ್ಕೆ ಮುಂಚಿನ ನ್ಯೂಟ್ರಲ್. ಇಲ್ಲಿ ಸುಮ್ಮನಿರುವುದು ಹೊರಡುವುದಕ್ಕಾಗಿ, ಹೊರಡದೇ ಇರುವುದಕ್ಕಾಗಿ ಅಲ್ಲ.

ಹಾಗಾದರೆ ನ್ಯೂಟ್ರಲ್ ಅಪಾಯವಾಗುವುದು ಎಲ್ಲಿ? ಸಮತಟ್ಟಾದ ನೆಲದಲ್ಲಿ ನಿಂತ ಗಾಡಿಗೆ ಅದು ವಿಶ್ರಾಂತಿ. ಇಳಿಜಾರಿನಲ್ಲಿ ಹೊರಟ ಗಾಡಿಗೆ ಅದೇ ಅಪಾಯ.

ಘಟ್ಟದ ಪಾಠ

ಆಗುಂಬೆ, ಚಾರ್ಮಾಡಿ, ಶಿರಾಡಿ ಘಟ್ಟಗಳಲ್ಲಿ ಭಾರದ ಗಾಡಿ ಇಳಿಸುವ ಚಾಲಕರಿಗೆ ಈ ಮಾತು ಹೊಸದಲ್ಲ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರ್ ಇರಲಿ ಎಂಬುದು ಹಳೆಯ ಪಾಠ. ಕಡಿಮೆ ಗೇರಿನಲ್ಲಿದ್ದಾಗ ಎಂಜಿನ್ನೇ ಚಕ್ರಗಳನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಆ ಹಿಡಿತ ತಪ್ಪುತ್ತದೆ. ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಮತ್ತೆ ಮತ್ತೆ ಒತ್ತಿದ ಬ್ರೇಕ್ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಕೊನೆಗೆ ಎಷ್ಟು ತುಳಿದರೂ ಹಿಡಿಯುವುದಿಲ್ಲ. ವೇಗ ಏರಿದ ಮೇಲೆ ಮತ್ತೆ ಕೆಳಗಿನ ಗೇರಿಗೆ ಮರಳುವುದು ಭಾರದ ಗಾಡಿಯಲ್ಲಿ ಬಲು ಕಷ್ಟ.

ಹಾಗಿದ್ದೂ ಕೆಲವರು ನ್ಯೂಟ್ರಲ್‌ನಲ್ಲಿ ಇಳಿಯುವುದೇಕೆ? ಡೀಸೆಲ್, ಪೆಟ್ರೋಲ್ ಉಳಿಯುತ್ತದೆಂಬ ಆಸೆ. ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಆ ಆಸೆಯೂ ಹುಸಿ. ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ, ಇಳಿಜಾರೇ ಎಂಜಿನ್ನನ್ನು ತಿರುಗಿಸುವುದರಿಂದ ಇಂಧನದ ಪೂರೈಕೆ ನಿಂತುಹೋಗುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆರಿಹೋಗದಂತೆ ಇಂಧನ ಕೊಡುತ್ತಲೇ ಇರಬೇಕು. ಉಳಿಯಿತೆಂದುಕೊಂಡದ್ದು ಉಳಿದಿರುವುದಿಲ್ಲ, ಹಿಡಿತ ಮಾತ್ರ ಹೋಗಿರುತ್ತದೆ.

ವರ್ಷಗಟ್ಟಲೆ ಲಾರಿ ಓಡಿಸಿದ ಹಿರಿಯರೊಬ್ಬರು ಒಮ್ಮೆ ನನ್ನೊಡನೆ ಹೇಳಿದರು: “ಫಾದರ್, ಇಳಿಜಾರಲ್ಲಿ ನ್ಯೂಟ್ರಲ್‌ಗೆ ಬಿತ್ತು ಅಂದ್ರೆ ಆಮೇಲೆ ಅದು ನಮ್ಮ ಗಾಡಿ ಅಲ್ಲ, ಇಳಿಜಾರಿನ ಗಾಡಿ.” ದೊಡ್ಡ ಗ್ರಂಥಗಳು ಹೇಳುವುದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು. ನಾವು ಯಾವ ಕಡೆಯೂ ಇಲ್ಲವೆಂದುಕೊಂಡಾಗಲೂ ಇಳಿಜಾರಿಗೆ ತನ್ನದೇ ಒಂದು ಕಡೆ ಇರುತ್ತದೆ.

ಜೆರಿಕೋವಿನ ಇಳಿಜಾರು

ಸಂತ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿಯೂ ಒಂದು ಘಟ್ಟದ ರಸ್ತೆಯಲ್ಲೇ ನಡೆಯುತ್ತದೆ. ಜೆರುಸಲೇಮ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಜೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಅಂದರೆ ದಾರಿಯುದ್ದಕ್ಕೂ ಸುಮಾರು 1,000 ಮೀಟರಿನಷ್ಟು ಇಳಿಯಬೇಕು. ಕಳ್ಳರ ಕೈಗೆ ಸಿಕ್ಕಿದ ಮನುಷ್ಯ ಇಳಿಯುತ್ತಿದ್ದ. ಅವನನ್ನು ನೋಡಿದ ಯಾಜಕನೂ ಇಳಿದುಕೊಂಡೇ ಬರುತ್ತಿದ್ದ ಎಂದು ಸಂತ ಲೂಕರು ಸ್ಪಷ್ಟವಾಗಿ ಬರೆದಿದ್ದಾರೆ. ದೇವಾಲಯವಿದ್ದ ಊರು ಅವನ ಬೆನ್ನ ಹಿಂದಿತ್ತು.

ಆ ಯಾಜಕ ಗಾಯಾಳುವನ್ನು ಹೊಡೆಯಲಿಲ್ಲ, ಬೈಯಲಿಲ್ಲ, ದೋಚಲಿಲ್ಲ. ಲೇವಿಯನೂ ಅಷ್ಟೇ. ಇಬ್ಬರೂ ನೋಡಿದರು, ಆಚೆ ಬದಿಗೆ ಸರಿದು ಹೋದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಕಳ್ಳರಿಗೂ ಗಾಯಾಳುವಿಗೂ ನಡುವೆ ಅವರು ನ್ಯೂಟ್ರಲ್ ಆಗಿದ್ದರು. ಆದರೆ ರಕ್ತ ಹರಿಯುತ್ತಲೇ ಇತ್ತು. ಅವರ ಮೌನದ ಲಾಭ ಯಾರಿಗಾಯಿತು? ಕಳ್ಳರಿಗೆ. ನಷ್ಟ ಯಾರಿಗಾಯಿತು? ಬಿದ್ದವನಿಗೆ. ಸಮಾರಿಯದವನೊಬ್ಬ ಮಾತ್ರ ನಿಂತ, ಕೈಹಾಕಿದ, ಖರ್ಚು ಮಾಡಿದ.

ನಮ್ಮ ದೇಶದ ಕಾನೂನು ಕೂಡ ಈ ಸಮಾರಿಯದವನನ್ನು ಮರೆತಿಲ್ಲ. ರಸ್ತೆಯಲ್ಲಿ ಬಿದ್ದವರನ್ನು ಎತ್ತಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯದಿಂದ ಜನ ದೂರ ಸರಿಯುತ್ತಿದ್ದರು. 2016ರಲ್ಲಿ ಸುಪ್ರೀಂ ಕೋರ್ಟು ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಸೆಕ್ಷನ್ ಸೇರಿತು. ಅಲ್ಲಿ ಇಂಥವರನ್ನು ‘ಗುಡ್ ಸಮಾರಿಟನ್’ ಎಂದೇ ಕರೆಯಲಾಗಿದೆ. ಎರಡು ಸಾವಿರ ವರ್ಷಗಳ ಹಿಂದೆ ಪ್ರಭು ಹೇಳಿದ ಕಥೆಯ ನಾಯಕ ಇಂದು ನಮ್ಮ ಮೋಟಾರು ಕಾನೂನಿನ ಪುಟದಲ್ಲಿದ್ದಾನೆ.

ದಡದ ಮೇಲೆ ನಿಂತವರು

ಕನ್ನಡದಲ್ಲಿ ನ್ಯೂಟ್ರಲ್‌ಗೆ ‘ತಟಸ್ಥ’ ಎಂಬ ಪದವಿದೆ. ತಟ ಎಂದರೆ ದಡ. ತಟಸ್ಥ ಎಂದರೆ ದಡದ ಮೇಲೆ ನಿಂತವನು. ಹೊಳೆಯಲ್ಲಿ ಇಬ್ಬರು ಈಜಿನ ಪಂದ್ಯ ಆಡುತ್ತಿದ್ದರೆ ದಡದ ಮೇಲೆ ನಿಂತು ನೋಡುವುದು ಸರಿ. ಒಬ್ಬ ಮುಳುಗುತ್ತಿರುವಾಗ ದಡದ ಮೇಲೆ ನಿಲ್ಲುವುದು?

ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಬೇಕು. ನಿಷ್ಪಕ್ಷಪಾತ ಬೇರೆ, ತಾಟಸ್ಥ್ಯ ಬೇರೆ. ನ್ಯಾಯಾಧೀಶನು ನಿಷ್ಪಕ್ಷಪಾತಿಯಾಗಿರಬೇಕು; ಅಂದರೆ ಎರಡೂ ಕಡೆಯವರ ಮಾತು ಕೇಳಬೇಕು. ಕೇಳಿದ ಮೇಲೆ ತೀರ್ಪು ಕೊಡಲೇಬೇಕು. ಪಿಲಾತನು ಎಡವಿದ್ದು ಇಲ್ಲಿಯೇ. ಯೇಸುವಿನಲ್ಲಿ ತಪ್ಪಿಲ್ಲವೆಂದು ಅವನಿಗೆ ಗೊತ್ತಿತ್ತು. ಮೂರು ಸಲ ಹಾಗೆಂದು ಹೇಳಿದನೆಂದು ಸಂತ ಲೂಕರು ಬರೆಯುತ್ತಾರೆ. ಕೊನೆಗೆ ನೀರು ತರಿಸಿ ಕೈತೊಳೆದುಕೊಂಡನೆಂದು ಸಂತ ಮತ್ತಾಯರು ಬರೆಯುತ್ತಾರೆ. ನಾನು ಯಾರ ಕಡೆಯೂ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸನ್ನೆ ಇನ್ನೊಂದಿಲ್ಲ. ಆದರೂ ನಮ್ಮ ವಿಶ್ವಾಸಪ್ರಮಾಣದಲ್ಲಿ ಯೇಸುವಿನ ಹೆಸರಿನ ಜೊತೆಗೆ ಬರುವ ಮನುಷ್ಯರ ಹೆಸರುಗಳು ಎರಡೇ: ‘ಆಗಲಿ’ ಎಂದು ಒಪ್ಪಿಕೊಂಡ ಮಾತೆ ಮರಿಯಮ್ಮನವರದು ಒಂದು, ಕೈತೊಳೆದುಕೊಂಡ ಪಿಲಾತನದು ಇನ್ನೊಂದು.

ಸಂತ ಥಾಮಸ್ ಅಕ್ವಿನಾಸರು ಇದನ್ನೇ ತತ್ತ್ವಶಾಸ್ತ್ರದ ರೀತಿಯಲ್ಲಿ ಪರಿಶೀಲಿಸಿದ್ದಾರೆ. ನೆಲದ ಮೇಲಿನ ಹುಲ್ಲುಕಡ್ಡಿ ಎತ್ತುವಂಥ ಕ್ರಿಯೆ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ ಎಂದು ಅವರು ಒಪ್ಪುತ್ತಾರೆ. ಆದರೆ ಒಬ್ಬ ನಿರ್ದಿಷ್ಟ ಮನುಷ್ಯ, ಒಂದು ನಿರ್ದಿಷ್ಟ ಸಂದರ್ಭದಲ್ಲಿ, ಬುದ್ಧಿಪೂರ್ವಕವಾಗಿ ಮಾಡುವ ಯಾವ ಕ್ರಿಯೆಯೂ ನ್ಯೂಟ್ರಲ್ ಆಗಿರಲಾರದು ಎನ್ನುತ್ತಾರೆ. ಅದರ ಉದ್ದೇಶ ಅದನ್ನು ಒಂದು ಕಡೆಗೆ ಎಳೆದೇ ಎಳೆಯುತ್ತದೆ. ತಿಳಿದೂ ತಿಳಿದೂ ಸುಮ್ಮನಿರುವುದಕ್ಕೂ ಒಂದು ಉದ್ದೇಶ ಇದ್ದೇ ಇರುತ್ತದೆ. ಮಾಡಬೇಕಾದ ಒಳಿತು ಗೊತ್ತಿದ್ದೂ ಮಾಡದವನಿಗೆ ಅದು ಪಾಪವೆಂದು ಸಂತ ಯಕೋಬರ ಪತ್ರವೂ ಎಚ್ಚರಿಸುತ್ತದೆ.

ನಮ್ಮ ಮನೆಯ ಇಳಿಜಾರುಗಳು

ಪ್ರಿಯರೇ, ಈಗ ನಮ್ಮ ಮನೆಗಳಿಗೆ ಬರೋಣ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದಾರೆ ಎನ್ನೋಣ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿಗೆ ಮೂರನೇ ಒಂದು ಭಾಗ, ಉಳಿದದ್ದರಲ್ಲಿ ಮಕ್ಕಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮಪಾಲು. ಆದರೆ ದೊಡ್ಡಣ್ಣ ರಿಲೀಸ್ ಡೀಡ್ ತಂದು ತಂಗಿಯ ಮುಂದಿಡುತ್ತಾನೆ. “ಮದುವೆಗೆ ಖರ್ಚು ಮಾಡಿಲ್ಲವೇ? ಸಹಿ ಹಾಕು” ಎನ್ನುತ್ತಾನೆ. ಚಿಕ್ಕಣ್ಣನಿಗೆ ಇದು ಅನ್ಯಾಯವೆಂದು ಗೊತ್ತು. ಆದರೂ ಅವನು ಕಿಟಕಿಯ ಕಡೆ ನೋಡುತ್ತಾನೆ. ಮರುದಿನ ತಂಗಿಗೆ ಫೋನ್ ಮಾಡಿ “ನಾನಂತೂ ಏನೂ ಹೇಳಲಿಲ್ಲಮ್ಮ” ಎನ್ನುತ್ತಾನೆ. ನಿಜ, ಅವನು ಏನೂ ಹೇಳಲಿಲ್ಲ. ತಂಗಿಯ ಎದೆಯಲ್ಲಿ ಹೆಚ್ಚು ಕಾಲ ಉಳಿಯುವ ಗಾಯ ಅದೇ.

ಇನ್ನೊಂದು ಮನೆಯಲ್ಲಿ ಕುಡಿದು ಬಂದ ಗಂಡ ರಾತ್ರಿ ಹೆಂಡತಿಗೆ ಹೊಡೆಯುತ್ತಾನೆ. ಪಕ್ಕದ ಮನೆಯವರು ಟಿ.ವಿ. ಸದ್ದು ಹೆಚ್ಚಿಸುತ್ತಾರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಬಾಯಿಗೆ ಬರುತ್ತದೆ. ಆ ಗಾದೆ ಮಾತಿನ ಜಗಳಕ್ಕೆ ಹೊಂದೀತು, ಏಟಿಗೆ ಹೊಂದದು. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯ ಪ್ರಕಾರ ನೊಂದವಳೇ ಅಲ್ಲ, ವಿಷಯ ತಿಳಿದ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯದಲ್ಲಂತೂ 2012ರ ಪೋಕ್ಸೊ ಕಾಯ್ದೆ ಮೌನವನ್ನೇ ಅಪರಾಧವೆಂದು ಎಣಿಸುತ್ತದೆ. ಧರ್ಮಸಭೆಯೊಳಗೂ ಪರಮಗುರು ಫ್ರಾನ್ಸಿಸರು 2019ರಲ್ಲಿ ಹೊರಡಿಸಿದ ಆದೇಶದ ಮೂಲಕ, ಇಂಥದ್ದು ತಿಳಿದುಬಂದರೆ ವರದಿ ಮಾಡುವುದು ಗುರುಗಳ ಹಾಗೂ ಧಾರ್ಮಿಕರ ಕರ್ತವ್ಯವೆಂದು ವಿಧಿಸಿದರು. ಮರ್ಯಾದೆಯ ಹೆಸರಿನಲ್ಲಿ ನ್ಯೂಟ್ರಲ್ ಆಗಿ ಉಳಿಯಲು ನಮಗೆ ಯಾರಿಗೂ ಅನುಮತಿ ಇಲ್ಲ.

ಹಾಗೆಂದು ಮನೆಯ ಪ್ರತಿಯೊಂದು ಮಾತಿಗೂ ಎದ್ದು ನಿಂತು ಕೂಗಾಡಬೇಕೇ? ಬೇಡ. ಘಟ್ಟ ಇಳಿಯುವ ಚಾಲಕನನ್ನೇ ನೋಡಿ. ಅವನು ಇಳಿಯುವುದು ಮೇಲಿನ ಗೇರಿನಲ್ಲಿ ಅಲ್ಲ, ಕೆಳಗಿನ ಗೇರಿನಲ್ಲಿ, ನಿಧಾನವಾಗಿ, ಹಿಡಿತದಲ್ಲಿಟ್ಟುಕೊಂಡು. ತಾಯಿ ಸೊಸೆಯನ್ನು ಹಂಗಿಸಿದಾಗ ಮಗ ತಾಯಿಯ ಮೇಲೆ ಹರಿಹಾಯಬೇಕಾಗಿಲ್ಲ. ಅವರ ಪಕ್ಕದಲ್ಲಿ ಕುಳಿತು, “ಅಮ್ಮಾ, ಆ ಮಾತು ಅವಳಿಗೆ ನೋವಾಯಿತು, ನನಗೂ ನೋವಾಯಿತು” ಎಂದರೆ ಸಾಕು. ಅದು ಪಕ್ಷ ವಹಿಸುವುದಲ್ಲ, ಸತ್ಯವನ್ನು ಪ್ರೀತಿಯಿಂದ ಹೇಳುವುದು. ಆದರೆ ಬೇಗ ಹೇಳಬೇಕು. ವರ್ಷಗಟ್ಟಲೆ ಸುಮ್ಮನಿದ್ದು ವೇಗ ಏರಿದ ಮೇಲೆ ಗೇರ್ ಹಾಕಲು ಹೋದರೆ ಅದು ಕೂರುವುದಿಲ್ಲ, ಕಿರುಚುತ್ತದೆ.

ಮದುವೆಯ ದಿನ ಬಲಿಪೀಠದ ಮುಂದೆ ಸುಖಕ್ಕೆ ಮಾತ್ರವಲ್ಲ, ಕಷ್ಟಕ್ಕೂ ಮಾತು ಕೊಟ್ಟಿದ್ದೇವೆ. ಮನೆ ಕಟ್ಟುವಾಗ, ಮಕ್ಕಳನ್ನು ಓದಿಸುವಾಗ ಗಂಡ ಹೆಂಡತಿ ಇಬ್ಬರೂ ಒಂದೇ ಗೇರಿನಲ್ಲಿ ಎಳೆಯುತ್ತಾರೆ. ಸಾಲ, ಕಾಯಿಲೆ, ಮುಪ್ಪು ಎಂಬ ಇಳಿಜಾರು ಬಂದಾಗ ಮೆಲ್ಲನೆ ನ್ಯೂಟ್ರಲ್‌ಗೆ ಜಾರುತ್ತಾರೆ. ಒಂದೇ ಸೂರಿನಡಿ ಇದ್ದರೂ ಮಾತಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಪಾಠ ಇಲ್ಲಿಗೂ ಸಲ್ಲುತ್ತದೆ.

ಉಗುರುಬೆಚ್ಚಗಿನ ನೀರು

ಪ್ರಕಟನಾ ಗ್ರಂಥದ ಮೂರನೇ ಅಧ್ಯಾಯದಲ್ಲಿ ಲವೊದಿಕೀಯ ಪಟ್ಟಣದ ಸಭೆಗೆ ಪ್ರಭು ಕಠಿಣವಾದ ಪತ್ರ ಬರೆಸುತ್ತಾರೆ. ಇಂದಿನ ಟರ್ಕಿ ದೇಶದಲ್ಲಿದ್ದ ಪಟ್ಟಣ ಅದು. ಹತ್ತಿರದ ಹಿಯೆರಾಪೊಲಿಸ್‌ನಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು, ಕೊಲೊಸ್ಸೆಯಲ್ಲಿ ತಣ್ಣೀರಿತ್ತು. ಬಿಸಿನೀರು ಮೈನೋವಿಗೆ ಒಳ್ಳೆಯದು, ತಣ್ಣೀರು ಬಾಯಾರಿಕೆಗೆ ಒಳ್ಳೆಯದು. ಲವೊದಿಕೀಯಕ್ಕೆ ದೂರದಿಂದ ಕಾಲುವೆಯಲ್ಲಿ ಬರುತ್ತಿದ್ದ ನೀರು ಎರಡಕ್ಕೂ ಆಗದೆ ಉಗುರುಬೆಚ್ಚಗಿರುತ್ತಿತ್ತೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ಯಾರ ಉಪಯೋಗಕ್ಕೂ ಬಾರದ ಆ ನೀರಿನಂತೆ ಅಲ್ಲಿನ ಸಭೆಯೂ ಇತ್ತು. ಅದನ್ನು ಬಾಯಿಂದ ಉಗುಳಿಬಿಡುವೆನೆನ್ನುತ್ತಾರೆ ಪ್ರಭು.

ಆದರೆ ಪತ್ರ ಅಲ್ಲಿಗೆ ಮುಗಿಯುವುದಿಲ್ಲ. ಪ್ರೀತಿಸುವವರನ್ನೇ ತಾನು ಗದರಿಸುವುದಾಗಿ ಪ್ರಭು ಹೇಳುತ್ತಾರೆ. ಬಾಗಿಲಲ್ಲಿ ನಿಂತು ತಟ್ಟುತ್ತಿರುವುದಾಗಿಯೂ, ತೆರೆದವನ ಮನೆಯಲ್ಲಿ ಕುಳಿತು ಊಟ ಮಾಡುವುದಾಗಿಯೂ ಹೇಳುತ್ತಾರೆ. ನಮ್ಮ ವಿಷಯದಲ್ಲಿ ದೇವರು ಎಂದೂ ನ್ಯೂಟ್ರಲ್ ಆಗಿರಲಿಲ್ಲ. ದಡದ ಮೇಲೆ ನಿಂತು ನೋಡದೆ ಹೊಳೆಗೆ ಇಳಿದು ಬಂದವರು ಅವರು. ಶಿಲುಬೆಯೇ ಅದಕ್ಕೆ ಸಾಕ್ಷಿ.

ಆದ್ದರಿಂದ ಈ ವಾರ ಮನೆಯಲ್ಲಿ ಜಪಸರ ಮುಗಿದ ಮೇಲೆ ಎರಡು ನಿಮಿಷ ಮೌನವಾಗಿ ಕುಳಿತುಕೊಳ್ಳಿ. ನಾನು ಯಾರಿಗೆ ಏನು ಕೆಟ್ಟದ್ದು ಮಾಡಿದೆ ಎಂದು ಕೇಳಿಕೊಳ್ಳುವುದು ನಮಗೆ ಅಭ್ಯಾಸವಿದೆ. ಈ ಸಲ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಯಾರಿಗಾಗಿ ಮಾತನಾಡಬೇಕಿತ್ತು, ಸುಮ್ಮನಿದ್ದೆ? ಒಂದು ಹೆಸರು ನೆನಪಿಗೆ ಬರಬಹುದು. ಪಾಪನಿವೇದನೆಯಲ್ಲಿ ಅದನ್ನೂ ಹೇಳಿ. ಆಮೇಲೆ ಆ ತಂಗಿಗೊಂದು ಫೋನ್ ಮಾಡಿ, ಆ ನೆರೆಮನೆಯ ಬಾಗಿಲು ತಟ್ಟಿ. ದಾರಿ ಇಳಿಜಾರಾಗಿರಬಹುದು, ಗಾಡಿ ಮಾತ್ರ ಗೇರಿನಲ್ಲಿರಲಿ.

ಪ್ರಭು ಯೇಸು ನಿಮ್ಮನ್ನೂ ನಿಮ್ಮ ಕುಟುಂಬಗಳನ್ನೂ ಹರಸಲಿ.